ಕಾಯಕ, ಮನನ ಮತ್ತು ಅರಿವು

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಉಪದೇಶಿಸುವ ಶ್ರವಣ (ಕೇಳುವುದು), ಮನನ (ಯುಕ್ತಿಯಿಂದ ಆಲೋಚಿಸುವುದು), ನಿದಿಧ್ಯಾಸನ (ಎಡೆಬಿಡದ ಧ್ಯಾನ) ಎಂಬ ಸಾಧನಗಳಲ್ಲಿ ಕೈಕೆಲಸದ ಪ್ರಸ್ತಾಪವಿಲ್ಲ. 12ನೆಯ ಶತಮಾನದ ಶರಣರಾದರೋ ಕಾಯಕವನ್ನು, ಎಂದರೆ ಶ್ರದ್ಧೆಯಿಂದ ಮಾಡುವ ದುಡಿಮೆಯನ್ನು, ಸಾಧನೆಯೆಂದೇ ಪರಿಗಣಿಸಿ, ಅದರಿಂದ ಹುಟ್ಟಿದ ಅನುಭವವನ್ನು ವಚನಗಳಲ್ಲಿ ಪರಾಮರ್ಶಿಸಿದರು. ದುಡಿಮೆಗೆ ಇಂತಹ ಪರಾಮರ್ಶೆ ಏಕೆ ಬೇಕೆಂಬುದಕ್ಕೆ ಒಂದು ನಿದರ್ಶನ: ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕೆಲಮಂಗಲದ ಸೀಮೆಯಲ್ಲಿ ಮಳೆಯನ್ನು ನಂಬಿ ರಾಗಿ ಬೆಳೆಯುವ ರೈತನು ಮಣ್ಣಿನ ಹದವನ್ನು ಅಂಗೈಯಲ್ಲಿ ಹಿಡಿದು ತಿಳಿಯಬಲ್ಲನಾದರೂ, ಹಿಂದಿನ ವರ್ಷದ ಬಿತ್ತನೆ ಏಕೆ ಸೋತಿತೆಂದು ವಿಚಾರಿಸದಿದ್ದರೆ ಆ ತಿಳಿವು ಬರಿಯ ರೂಢಿಯಾಗಿ ಉಳಿಯುತ್ತದೆ. ದುಡಿಮೆ ಅರಿವಿಗೆ ವಿಷಯವನ್ನು ಒದಗಿಸುತ್ತದೆ, ಮನನ ಅದನ್ನು ಪರೀಕ್ಷಿಸುತ್ತದೆ. ಆದುದರಿಂದ ಒಂದನ್ನು ಮೇಲೆಂದೂ ಮತ್ತೊಂದನ್ನು ಕೀಳೆಂದೂ ಎಣಿಸುವುದು ಸರಿಯಲ್ಲ.