ತೆಂಗಿನ ಸಿಪ್ಪೆಯೂ ಕಥೆಗಾರನ ಸತ್ಯವೂ

ಕಲ್ಪಿಸಿದ ಕಥೆಗಳನ್ನು ಬರೆಯುವದೂ ಓದುವದೂ ಕ್ರೈಸ್ತರಿಗೆ ಯುಕ್ತವೋ ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಆಗಾಗ್ಗೆ ಹುಟ್ಟುತ್ತದೆ. ನಡೆಯದ ಸಂಗತಿಯನ್ನು ನಡೆದಂತೆ ಹೇಳುವದು ಸುಳ್ಳಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದನ್ನು ವಿಚಾರಿಸುವದಕ್ಕೆ ಸಮುದ್ರಯಾನದ ಕಥೆಗಳಿಂದ ಹೆಸರುಗೊಂಡ ಒಬ್ಬನ ಜೀವಿತವು ನಮಗೆ ಸಹಾಯವಾದೀತು.

ರಾಬರ್ಟ್ ಮೈಕೆಲ್ ಬ್ಯಾಲಂಟೈನ್ ಎಂಬವನು 1825ನೇ ಇಸವಿಯಲ್ಲಿ ಸ್ಕಾಟ್ಲೆಂಡ್ ದೇಶದ ಎಡಿನ್‌ಬರೊ ಪಟ್ಟಣದಲ್ಲಿ ಹುಟ್ಟಿದನು. 1841ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ತುಪ್ಪಟದ ಚರ್ಮಗಳ ವ್ಯಾಪಾರ ನಡಿಸುತ್ತಿದ್ದ ಹಡ್ಸನ್ ಬೇ ಕಂಪೆನಿಯ ಗುಮಾಸ್ತನಾಗಿ ಉತ್ತರ ಅಮೇರಿಕಕ್ಕೆ ಹೋದನು. ಆ ಹಿಮಪ್ರದೇಶದ ಒಂಟಿತನದಲ್ಲಿ ತಾಯಿಗೆ ಉದ್ದವಾದ ಕಾಗದಗಳನ್ನು ಬರೆಯುವದೇ ಅವನ ಸಂತೋಷವಾಗಿತ್ತು. ಬರೆಯುವ ಶಕ್ತಿಯು ತನಗೆ ಆ ಕಾಗದಗಳಿಂದಲೇ ಬಂತೆಂದು ಮುಪ್ಪಿನಲ್ಲಿ ಅವನೇ ಹೇಳಿಕೊಂಡನು. 1848ರಲ್ಲಿ ಅವನ ಮೊದಲನೆಯ ಪುಸ್ತಕವು ಹೊರಟಿತು. ಆದರೂ ಬರವಣಿಗೆಯು ಅವನ ಕಸಬಾದದ್ದು 1856ರಿಂದ ಈಚೆಗೆ.

ಶಾಂತಸಾಗರದಲ್ಲಿ ಹಡಗು ಒಡೆದು, ಹವಳದ ದ್ವೀಪವೊಂದನ್ನು ಸೇರಿದ ಮೂವರು ಹುಡುಗರ ಕಥೆಯನ್ನು ಅವನು 1857ರಲ್ಲಿ ಪ್ರಕಟಿಸಿದನು. ಆ ದ್ವೀಪಗಳನ್ನು ಅವನು ಕಂಡವನಲ್ಲ. ತನ್ನ ದೇಶದ ಅಂಗಡಿಗಳಲ್ಲಿ ಸುಲಿದ ತೆಂಗಿನಕಾಯಿಯನ್ನು ಮಾತ್ರ ಕಂಡಿದ್ದ ಕಾರಣ, ಅದು ಮರದಲ್ಲಿಯೂ ಸಿಪ್ಪೆಯಿಲ್ಲದೆ ಬೆಳೆಯುವದೆಂಬಂತೆ ಬರೆದುಬಿಟ್ಟನು. ನಮ್ಮ ಕರಾವಳಿಯ ಚಿಕ್ಕ ಮಗುವಾದರೂ ಇದಕ್ಕೆ ನಕ್ಕೀತು. ಆದರೆ ಅವನು ತಪ್ಪನ್ನು ಮುಚ್ಚಲಿಲ್ಲ. ಇನ್ನು ಮುಂದೆ ಮೂಲಸ್ಥಾನಕ್ಕೆ ಹೋಗಿ ತಿಳಿದೇ ಬರೆಯಬೇಕೆಂದು ನಿಶ್ಚಯಿಸಿದನು. ದೀಪಸ್ತಂಭದ ಕಥೆಗೋಸ್ಕರ ಸಮುದ್ರಮಧ್ಯದ ಬೆಲ್ ರಾಕ್ ಬಂಡೆಯಲ್ಲಿ ಕಾವಲುಗಾರರ ಸಂಗಡ ವಾಸಮಾಡಿದನು. ಬೆಂಕಿಯಾರಿಸುವವರ ಕಥೆಗೋಸ್ಕರ ಲಂಡನ್ ಪಟ್ಟಣದಲ್ಲಿ ಅವರ ಜೊತೆಗೆ ಹೋಗಿ ನೋಡಿದನು.

ಇದರಿಂದ ನಾವು ಕಲಿಯುವದೇನು? ನಮ್ಮ ಕರ್ತನೂ ಸಾಮ್ಯಗಳನ್ನು ಹೇಳಿದನು. ಹೇಳುವವನೂ ಕೇಳುವವನೂ ಕಥೆಯನ್ನು ಕಥೆಯೆಂದು ಬಲ್ಲವರಾದರೆ ಅಲ್ಲಿ ಮೋಸವಿಲ್ಲ. ಆದರೆ ಕಥೆಯ ಒಳಗಿರುವ ಮರವೂ ಮನುಷ್ಯನೂ ನಿಜವಾಗಿ ಹೀಗೆಯೇ ಇವೆ ಎಂದು ಓದುವವನು ನಂಬುತ್ತಾನೆ. ಅಲ್ಲಿ ಬರೆಯುವವನು ಸಾಕ್ಷಿಯಾಗಿ ನಿಲ್ಲುತ್ತಾನೆ.

ಇನ್ನೊಂದು ಸಂಗತಿಯನ್ನು ಮರೆಮಾಡಲಾರೆವು. ಅದೇ ಪುಸ್ತಕದಲ್ಲಿ ಸುವಾರ್ತೆಯನ್ನು ಕೈಕೊಂಡ ದ್ವೀಪವಾಸಿಗಳು ಸೌಮ್ಯರಾಗಿಯೂ ಕೈಕೊಳ್ಳದವರು ನರಭಕ್ಷಕರಾದ ಕ್ರೂರರಾಗಿಯೂ ಕಾಣಿಸಲ್ಪಟ್ಟಿದ್ದಾರೆ. ಕಾಯಿಯ ಸಿಪ್ಪೆಯನ್ನು ಬಿಟ್ಟದ್ದು ನಗುವಿನ ತಪ್ಪು. ಕಾಣದ ಜನರನ್ನು ಹೀಗೆ ಚಿತ್ರಿಸಿದ್ದು ಅದಕ್ಕಿಂತ ಭಾರವಾದ ತಪ್ಪು. ಯಾಕಂದರೆ ಎಷ್ಟೋ ಮಕ್ಕಳು ಅದನ್ನು ನಂಬಿ ಬೆಳೆದರು.

ಪ್ರಿಯರೇ, ನಾವು ಪುಸ್ತಕ ಬರೆಯದಿದ್ದರೂ ಸಾಕ್ಷಿ ಹೇಳುವವರಾಗಿದ್ದೇವೆ. ಕೂಟಗಳಲ್ಲಿ ನಮ್ಮ ಪೂರ್ವಸ್ಥಿತಿಯನ್ನು ವಿವರಿಸುವಾಗ, ಬೆಳಕು ಹೆಚ್ಚಾಗಿ ತೋರಲೆಂದು ಕತ್ತಲೆಗೆ ಮಸಿ ಬಳಿಯುವದುಂಟು. ನಮ್ಮನ್ನು ಎತ್ತಿ ಬೆಳೆಸಿದ ಅಜ್ಜಿಯನ್ನೂ, ಜ್ವರದಲ್ಲಿ ಗಂಜಿ ತಂದುಕೊಟ್ಟ ನೆರೆಯವರನ್ನೂ, ಅವರು ನಮ್ಮ ಸಭೆಯವರಲ್ಲವೆಂಬ ಮಾತ್ರಕ್ಕೆ ದುಷ್ಟರೆಂದು ಹೇಳಿದರೆ ಅದು ಸುಳ್ಳುಸಾಕ್ಷಿಯಲ್ಲವೇ? ದೇವರ ಕೃಪೆಗೆ ನಮ್ಮ ಅತಿಶಯೋಕ್ತಿಯ ಸಹಾಯ ಬೇಕಾಗಿಲ್ಲ. ಆದದರಿಂದ ನೆರೆಯವನ ವಿಷಯವಾಗಿ ಬಾಯಿ ತೆರೆಯುವದಕ್ಕೆ ಮೊದಲು ಅವನ ಅಂಗಳದ ವರೆಗೆ ನಡೆದು ನೋಡೋಣ. ಸತ್ಯಸ್ವರೂಪನಾದ ದೇವರು ನಮ್ಮ ನಾಲಿಗೆಯನ್ನೂ ಲೇಖನಿಯನ್ನೂ ಕಾಯಲಿ.