ದೂರದ ದೃಷ್ಟಿ, ಹತ್ತಿರದ ಗುರಿ

ವ್ಯವಹಾರಕ್ಕೆ ಇಳಿದವನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಈ ದಿನ ಎಷ್ಟು ಆಗಬೇಕು ಎಂಬುದು ಒಂದು. ಈ ವ್ಯವಹಾರ ಯಾರಿಗಾಗಿ, ಏತಕ್ಕಾಗಿ ಇರಬೇಕು ಎಂಬುದು ಇನ್ನೊಂದು. ಮೊದಲನೆಯದು ಗುರಿ, ಎರಡನೆಯದು ದೃಷ್ಟಿ. ಇವುಗಳಲ್ಲಿ ಯಾವುದು ಯಾವುದಕ್ಕೆ ಅಧೀನವಾಗಿರಬೇಕೆಂಬುದು ಲಾಭನಷ್ಟದ ಪ್ರಶ್ನೆಯಾಗಿರುವಂತೆ ಧರ್ಮದ ಪ್ರಶ್ನೆಯೂ ಆಗಿದೆ.

ದೃಷ್ಟಿಯೊಂದಿದ್ದರೆ ಸಾಕು, ದಿನದ ಲೆಕ್ಕ ಏತಕ್ಕೆ ಎನ್ನುವವರುಂಟು. ಅವರು ಉಡುಪಿಯ ಕಡೆಗೆ ನೋಡಬೇಕು. ಕರಾವಳಿಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಹಾಗೂ ಡಾ. ಟಿ. ಎಂ. ಎ. ಪೈ ಅವರು 8,000 ರೂಪಾಯಿಗಳ ಬಂಡವಾಳದಿಂದ ಅಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದುದು ಅದೇ. ಬಡವನಿಗೂ ಬ್ಯಾಂಕು ನಿಲುಕಬೇಕೆಂಬುದು ದೂರದ ದೃಷ್ಟಿ. ಅದನ್ನು ಕೈಗೂಡಿಸಿದ್ದು 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ. ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಹಣವನ್ನೂ ಸಂಗ್ರಹಿಸಿ ತರುತ್ತಿದ್ದನು. ಎರಡಾಣೆಯ ಈ ನಿತ್ಯದ ಗುರಿ ಇಲ್ಲದಿದ್ದರೆ ಆ ಮಹತ್ತಾದ ದೃಷ್ಟಿ ಕನಸಾಗಿಯೇ ಉಳಿಯುತ್ತಿತ್ತು. 1969ರಲ್ಲಿ ರಾಷ್ಟ್ರೀಕೃತವಾದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಆದರೆ ಪಿಗ್ಮಿ ಪದ್ಧತಿ ನಮ್ಮ ನಾಡಿನ ಎಷ್ಟೋ ಸಹಕಾರ ಸಂಘಗಳಲ್ಲಿ ಇಂದಿಗೂ ಜೀವಂತವಾಗಿದೆ.

ಇನ್ನು ಇದೇ ಉದ್ಯಮದ ಮತ್ತೊಂದು ನಿದರ್ಶನವನ್ನು ನೋಡಿರಿ. ಅಮೆರಿಕದ ವೆಲ್ಸ್ ಫಾರ್ಗೋ 1852ರಲ್ಲಿ ಸ್ಥಾಪಿತವಾದ ಹಳೆಯ ಸಂಸ್ಥೆ. ಗ್ರಾಹಕನ ಆರ್ಥಿಕ ಏಳಿಗೆಯೇ ತನ್ನ ಧ್ಯೇಯವೆಂದು ಅದು ಬರೆದಿಟ್ಟುಕೊಂಡಿತ್ತು. ಆದರೆ ನೌಕರರ ಕೈಗೆ ಕೊಟ್ಟ ಗುರಿ ಬೇರೆಯಾಗಿತ್ತು: ಪ್ರತಿಯೊಂದು ಗ್ರಾಹಕ ಕುಟುಂಬಕ್ಕೂ ಎಂಟು ಬಗೆಯ ಖಾತೆ, ಸೌಲಭ್ಯಗಳನ್ನು ಮಾರಬೇಕು. ಲೆಕ್ಕ ತುಂಬಿಸಲಾರದ ನೌಕರರು ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ಇದು ಬಯಲಾದಾಗ ಸುಮಾರು 5,300 ಮಂದಿ ಕೆಲಸ ಕಳೆದುಕೊಂಡಿದ್ದರು, ಸಂಸ್ಥೆಗೆ 18.5 ಕೋಟಿ ಡಾಲರ್ ದಂಡ ಬಿದ್ದಿತು. 2020ರಲ್ಲಿ ಮತ್ತೆ 300 ಕೋಟಿ ಡಾಲರ್ ತೆರಬೇಕಾಯಿತು.

ಎರಡು ಕಡೆಯೂ ಗುರಿಯಿತ್ತು, ದೃಷ್ಟಿಯೂ ಇತ್ತು. ಹಾಗಾದರೆ ವ್ಯತ್ಯಾಸವೆಲ್ಲಿ? ಪಿಗ್ಮಿ ಸಂಗ್ರಹಿಸುವವನಿಗೂ ಸಂಗ್ರಹಕ್ಕೆ ತಕ್ಕ ಪ್ರತಿಫಲವಿತ್ತು. ಅವನು ಸಂತನೇನೂ ಆಗಿರಬೇಕಾಗಿರಲಿಲ್ಲ. ಆದರೆ ಅವನ ಲೆಕ್ಕ ಬೆಳೆದಂತೆ ಮನೆಯವರ ಉಳಿತಾಯವೂ ಬೆಳೆಯುತ್ತಿತ್ತು. ಅಷ್ಟೇ ಅಲ್ಲದೆ, ಮರುದಿನ ಅದೇ ಬಾಗಿಲಲ್ಲಿ ಅವನು ಮತ್ತೆ ನಿಲ್ಲಬೇಕಾಗಿತ್ತು. ಅತ್ತ ವೆಲ್ಸ್ ಫಾರ್ಗೋದ ಲೆಕ್ಕ ಗ್ರಾಹಕನ ಅರಿವಿಲ್ಲದೆಯೂ ಬೆಳೆಯಬಹುದಾಗಿತ್ತು. ಯಾವ ಗುರಿಯನ್ನು ಎದುರಿನವನ ಹಿತವಿಲ್ಲದೆಯೂ ಮುಟ್ಟಲು ಸಾಧ್ಯವೋ ಆ ಗುರಿ ಒಂದಲ್ಲ ಒಂದು ದಿನ ದೃಷ್ಟಿಯನ್ನೇ ನುಂಗುತ್ತದೆ. ಅಳತೆಗೋಲು ಯಜಮಾನನಾದ ಮನೆಯಲ್ಲಿ ಧ್ಯೇಯವು ಗೋಡೆಯ ಮೇಲಿನ ಬರಹವಾಗಿ ಉಳಿಯುತ್ತದೆ.

ಇಲ್ಲಿ ಹೊಣೆಯ ಮಾತೂ ಉಂಟು. ತಪ್ಪು ಮಾಡಿದ ನೌಕರನು ನಿರ್ದೋಷಿಯೆನ್ನಲಾಗದು. ಆದರೆ ಸತ್ಯವಂತನಿಗೆ ಮುಟ್ಟಲಾಗದ ಗುರಿಯನ್ನು ನಿಗದಿಮಾಡಿ, ಮುಟ್ಟದವನನ್ನು ಹಂಗಿಸುವವನು ಆ ಪಾಪದಲ್ಲಿ ಹಿರಿಯ ಪಾಲುಗಾರನು. ಕೆಳಗಿನವರನ್ನು ವಜಾ ಮಾಡಿದ ಮಾತ್ರಕ್ಕೆ ಮೇಲಿನವರ ಹೊಣೆ ತೀರುವುದಿಲ್ಲ.

ವಾಚಕರೇ, ನೀವು ಅಂಗಡಿಯ ಯಜಮಾನರಿರಬಹುದು, ಸಹಕಾರ ಸಂಘದ ಕಾರ್ಯದರ್ಶಿಗಳಿರಬಹುದು. ಶೇಕಡಾವಾರು ಫಲಿತಾಂಶವನ್ನೇ ಗುರಿಯಾಗಿಸಿಕೊಂಡ ವಿದ್ಯಾಸಂಸ್ಥೆಗಳಿಗೂ, ಅವುಗಳನ್ನು ನಡೆಸುವ ಮಠಗಳಿಗೂ ಈ ಮಾತು ಸಲ್ಲುತ್ತದೆ. ಈ ತಿಂಗಳ ಗುರಿಯನ್ನು ಬರೆಯುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಇದನ್ನು ಮುಟ್ಟಿದ ಮರುದಿನ, ಯಾರಿಂದ ಮುಟ್ಟಿದೆವೋ ಅವರ ಬಾಗಿಲಲ್ಲಿ ತಲೆಯೆತ್ತಿ ನಿಲ್ಲಬಲ್ಲೆವೇ? ನಿಲ್ಲಬಲ್ಲಿರಾದರೆ ಆ ಗುರಿ ಎಷ್ಟೇ ಸಣ್ಣದಿರಲಿ, ಅದು ದೂರದ ದಾರಿಯ ಒಂದು ಹೆಜ್ಜೆಯೇ ಸರಿ.