ಆಟ ನೋಡುವವನ ಧರ್ಮ

ಪಗಡೆಯಾಗಲಿ ಚದುರಂಗವಾಗಲಿ, ಆಡುವವರ ಬದಿಯಲ್ಲಿ ಕೂತು ನೋಡುವವನು ಬಾಯಿ ತೆರೆಯಲಾಗದೆಂಬುದು ಹಳೆಯ ಕಟ್ಟಳೆ. ಆ ಕಟ್ಟಳೆಯು ಆಡುವವರ ಹಿತಕ್ಕಾಗಿ ಇದ್ದದ್ದು. ಒಬ್ಬನ ಬುದ್ಧಿಗೆ ಇನ್ನೊಬ್ಬನ ಬುದ್ಧಿಯು ಎದುರಾಗಬೇಕಾದಲ್ಲಿ ಮೂರನೆಯವನ ಬುದ್ಧಿಯು ಕಳ್ಳದಾರಿಯಿಂದ ಬಂದು ಸೇರಬಾರದಷ್ಟೇ. ಆದರೆ ನೋಡುವವನ ಮಾತು ಆಡುವವರಿಗೆ ಕೇಳಿಸುವಂತೆಯೇ ಇಲ್ಲದಿದ್ದರೆ ಅವನಿಗೆ ಕಟ್ಟಳೆಯೇನು? ಅವನು ಮನಸ್ಸಿಗೆ ಬಂದಂತೆ ನೋಡಬಹುದೇ, ಬಾಯಿಗೆ ಬಂದಂತೆ ಅನ್ನಬಹುದೇ? ಮೇಲ್ನೋಟಕ್ಕೆ ಈ ಪ್ರಶ್ನೆಯು ಕ್ಷುಲ್ಲಕವೆಂದು ತೋರುವದು. ಆದರೂ ಅದನ್ನು ಸ್ವಲ್ಪ ಬೆದಕಿ ನೋಡುವದು ವ್ಯರ್ಥವಾಗಲಾರದು.

2024ನೆಯ ಇಸವಿಯ ಡಿಸೆಂಬರ 12ರಂದು ಸಿಂಗಾಪುರದಲ್ಲಿ ಚೀನದ ಡಿಂಗ್ ಲಿರೆನನೂ ಚೆನ್ನೈಯ ದೊಮ್ಮರಾಜು ಗುಕೇಶನೂ ಜಗಜ್ಜೇತೃ ಪದವಿಯ ಸಲುವಾಗಿ ಹದಿನಾಲ್ಕನೆಯ ಆಟಕ್ಕೆ ಕೂತಿದ್ದರು. ಹದಿಮೂರು ಆಟಗಳ ಕೊನೆಗೆ ಇಬ್ಬರವೂ ಆರೂವರೆ ಅಂಕಗಳು. ಡಿಂಗನು ಪದವಿಯನ್ನು ಉಳಿಸಿಕೊಳ್ಳಬೇಕಾದವನು, 32 ವರ್ಷದವನು. ಗುಕೇಶನು 18 ವರ್ಷದ ತರುಣನು. ವಿಜಯಪುರದ ಗೋಲಗುಮ್ಮಟದ ಒಳಗೆ, ಮೇಲಿನ ಸುತ್ತುಮೊಗಸಾಲೆಯಲ್ಲಿ, ಒಬ್ಬನು ಆಡಿದ ಪಿಸುಮಾತು ಎದುರು ಬದಿಗೆ ನಿಂತವನ ಕಿವಿಗೆ ಸ್ಪಷ್ಟವಾಗಿ ಮುಟ್ಟುವದು. ಸಿಂಗಾಪುರದ ಆ ಕೋಣೆಯು ಇದಕ್ಕೆ ತೀರ ವಿರುದ್ಧವಾದುದು. ಗಾಜಿನ ಹೊರಗಿನ ಸದ್ದು ಒಳಗೆ ಸುಳಿಯದಂತೆ ಕಟ್ಟಿದ್ದು. ಆದರೆ ಒಳಗಿನದು ಮಾತ್ರ ಹೊರಗೆ ಬರುತ್ತಿತ್ತು. ನಮ್ಮ ದೇಶದ ವೇಳೆಯ ಮೇರೆಗೆ ಮಧ್ಯಾಹ್ನ ಎರಡೂವರೆಯಿಂದ, ವಿಜಯಪುರದ ವಿದ್ಯಾರ್ಥಿಯಾಗಲಿ, ತಿಕೋಟೆಯ ಅಂಗಡಿಕಾರನಾಗಲಿ, ಬಬಲೇಶ್ವರದ ಶಾಲೆಯ ಮಾಸ್ತರನಾಗಲಿ ಮೊಬಾಯಿಲಿನಲ್ಲಿ ಒಂದೊಂದು ನಡೆಯನ್ನೂ ಆಗಿಂದಾಗಲೇ ಕಾಣಬಹುದಾಗಿತ್ತು. ಅಷ್ಟೇ ಅಲ್ಲ, ಅಲ್ಲಿ ಹಾಸಿನ ಚಿತ್ರದ ಬದಿಗೆ ಕಪ್ಪು-ಬಿಳುಪಿನ ಒಂದು ಪಟ್ಟಿಯುಂಟು. ಗಣಕಯಂತ್ರವು ಲಕ್ಷಾವಧಿ ಸ್ಥಿತಿಗಳನ್ನೆಣಿಸಿ, ಯಾರ ಕೈ ಮೇಲಾಗಿದೆಯೆಂಬುದನ್ನು ಆ ಪಟ್ಟಿಯ ಏರಿಳಿತದಿಂದ ತೋರಿಸುವದು. ಅದು ಕಾಣದಿದ್ದದ್ದು ಆಡುವವರಿಬ್ಬರಿಗೆ ಮಾತ್ರ.

ಆಟವು ಸಮವಾಗಿ ಮುಗಿಯುವ ಲಕ್ಷಣವಿತ್ತು. ಗುಕೇಶನಿಗೆ ಒಂದು ಕಾಲಾಳು ಹೆಚ್ಚಾಗಿದ್ದರೂ ಡಿಂಗನು ಜಾಗರೂಕತೆಯಿಂದ ನಡೆದರೆ ಉಳಿಯುವಂತಿದ್ದನು. ಅವನ ಗಡಿಯಾರದಲ್ಲಿ ಎದುರಾಳಿಗಿಂತ ಬಹಳ ಕಡಿಮೆ ವೇಳೆಯು ಉಳಿದಿತ್ತು. 55ನೆಯ ನಡೆಯಲ್ಲಿ ಅವನು ತನ್ನ ಆನೆಯನ್ನು ಎದುರಿನ ಆನೆಗೆ ಒಡ್ಡಿದನು. ಆನೆಗೆ ಆನೆ ಹೋದ ಮೇಲೆ, ಮೂಲೆಯಲ್ಲಿದ್ದ ಅವನ ಒಂಟೆಯನ್ನೂ ಬದಲು ಮಾಡಿಕೊಳ್ಳುವ ಹಾದಿಯು ಗುಕೇಶನಿಗೆ ತೆರೆಯಿತು. ಒಂಟೆಗಳೂ ಹೋದರೆ ಉಳಿಯುವವು ರಾಜರೂ ಕಾಲಾಳುಗಳೂ ಮಾತ್ರ. ಆಗ ಆ ಒಂದು ಹೆಚ್ಚಿನ ಕಾಲಾಳೇ ಗೆಲ್ಲಿಸುವದು. ನೋಡುವವರ ಮುಂದಿನ ಪಟ್ಟಿಯು ಒಮ್ಮೆಲೆ ಕಪ್ಪಾಯಿತು. 58ನೆಯ ನಡೆಯ ತರುವಾಯ ಡಿಂಗನು ಸೋಲೊಪ್ಪಿದನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಗೆದ್ದ ಗುಕೇಶನಿಗೂ ಆ ತಪ್ಪು ಕೂಡಲೆ ಕಾಣಲಿಲ್ಲ. ಬೇರೊಂದು ನಡೆಯನ್ನು ಆಡಲಿದ್ದೆನೆಂದು ಆಮೇಲೆ ಅವನೇ ಹೇಳಿದನು. ಎಂದರೆ ಕೆಲವು ಕ್ಷಣಗಳ ಮಟ್ಟಿಗೆ, ಕಾಯಿ ನಡೆಯಿಸುವದನ್ನು ನಿನ್ನೆ ಕಲಿತ ಹುಡುಗನಿಗೆ ಗೊತ್ತಿದ್ದದ್ದು ಆ ಇಬ್ಬರು ಗ್ರ್ಯಾಂಡ್‌ಮಾಸ್ಟರರಿಗೆ ಗೊತ್ತಿರಲಿಲ್ಲ! ಆ ಹುಡುಗನಿಗೆ ನಿಜವಾಗಿ ಏನು ಗೊತ್ತಿತ್ತು? ಪಟ್ಟಿಯು ಕಪ್ಪಾಯಿತೆಂಬುದು ಗೊತ್ತಿತ್ತು. ಏಕೆ ಕಪ್ಪಾಯಿತೆಂಬುದು ಗೊತ್ತಿರಲಿಲ್ಲ. ಆದರೂ ನಗೆಯು ಅವನಿಗೇ ಮೊದಲು ಬರುವದು. ಕಡ ತಂದ ಬಂಗಾರವನ್ನು ಕೊರಳಿಗೆ ಹಾಕಿಕೊಂಡು ಬಡವನನ್ನು ಹಳಿಯುವವನ ನಗೆಯಿದು.

ನಕ್ಕು ಸುಮ್ಮನಾದವರು ಇರಲಿ. ಡಿಂಗನು ಬೇಕೆಂತಲೇ ಸೋತನೆಂದು ಸಂಶಯಪಟ್ಟು, ವಿಚಾರಣೆಯಾಗಲೆಂದು ರಷ್ಯದ ಚದುರಂಗ ಒಕ್ಕೂಟದ ಅಧ್ಯಕ್ಷರು ಕೇಳಿದರು. ತಪ್ಪುಗಳು ಆಟದ ಅಂಗವೇ ಆಗಿರುವವೆಂದು ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾದ ಡ್ವೋರ್ಕೊವಿಚ್ ಅವರು ಉತ್ತರಿಸಿದರು. ಆಡಿದವರಾದರೋ ಇಷ್ಟು ಕಠಿಣರಾಗಲಿಲ್ಲ. ಹಿಂದಿನ ದಿನ ಅದೃಷ್ಟದಿಂದ ಪಾರಾಗಿದ್ದ ತಾನು ಇಂದು ಸೋತದ್ದು ನ್ಯಾಯವೇ, ತನಗೆ ಪಶ್ಚಾತ್ತಾಪವಿಲ್ಲ ಎಂದು ಡಿಂಗನು ಅಂದನು. ಗುಕೇಶನು ಕಣ್ಣೀರಿಡುತ್ತಲೇ ಕಾಯಿಗಳನ್ನೆಲ್ಲ ಮೊದಲಿನ ಮನೆಗಳಲ್ಲಿ ಮರಳಿ ಜೋಡಿಸಿಟ್ಟನು.

ದ್ಯೂತಸಭೆಯಲ್ಲಿ ಕುರುಡ ಧೃತರಾಷ್ಟ್ರನು ಗೆದ್ದರೇ, ಗೆದ್ದರೇ ಎಂದು ಮತ್ತೆ ಮತ್ತೆ ಕೇಳಿದನು. ಪಟ್ಟಿಯನ್ನಷ್ಟೇ ನೋಡುವವನು ಆ ಪ್ರಶ್ನೆಯಿಂದ ಮುಂದೆ ಹೋಗಲಾರನು. ಅದೇ ಅರಸನಿಗೆ ಯುದ್ಧಕಾಲಕ್ಕೆ ಸಂಜಯನು ಕಣ್ಣಾದನು. ಸಂಜಯನು ಫಲವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಯಾವನು ಯಾವ ಇಕ್ಕಟ್ಟಿನಲ್ಲಿ ಸಿಕ್ಕು, ಹ್ಯಾಗೆ ಕಾದಿ ಬಿದ್ದನೆಂಬುದನ್ನೂ ಹೇಳಿದನು. ಯಂತ್ರವನ್ನು ದೂರುವದರಲ್ಲಿ ಹುರುಳಿಲ್ಲ. ಅದಿಲ್ಲದಿದ್ದರೆ ಇಂಥ ಆಟವು ಸಾಮಾನ್ಯನಿಗೆ ಬರಿಯ ಕತ್ತಲೆ. ತಪ್ಪನ್ನು ತಪ್ಪೆನ್ನಬಾರದೆಂಬ ವಾದವೂ ಇದಲ್ಲ. ಡಿಂಗನ ನಡೆಯು ನಿಶ್ಚಯವಾಗಿ ತಪ್ಪೇ.

ಆದರೆ ತಪ್ಪುಗಳಲ್ಲಿಯೂ ಭೇದವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ಮೆಟ್ಟಿಸುವ ಬಂಧಗಳನ್ನು ರಚಿಸಿದ್ದರು. ಅಲ್ಲಿ ಎದುರಾಳಿಯಿಲ್ಲ, ಗಡಿಯಾರವಿಲ್ಲ. ಇಂದು ಬಿಡಿಸಲಾಗದ ಗಂಟನ್ನು ನಾಳೆ ಬಿಡಿಸಬಹುದು. ಅಂಥಲ್ಲಿ ತಪ್ಪೆಂದರೆ ಲೆಕ್ಕದ ತಪ್ಪು ಮಾತ್ರ. ಇಬ್ಬರ ಪಂದ್ಯವಾದರೋ ಹಾಗಲ್ಲ. ಅದರಲ್ಲಿ ದಣಿವುಂಟು, ಭಯವುಂಟು, ಮೂರು ವಾರಗಳ ನಿದ್ರೆಗೇಡುಂಟು. ಯಂತ್ರವು ಪಂದ್ಯವನ್ನೂ ಬಂಧವೆಂದೇ ಎಣಿಸುವದು. ಅದರ ಸ್ವಭಾವವೇ ಅದು. ಮನುಷ್ಯನೂ ಹಾಗೆಯೇ ಎಣಿಸತೊಡಗಿದರೆ ಕಷ್ಟ.

ಏಕೆಂದರೆ ಈ ರೂಢಿಯು ಆಟದಲ್ಲಿಯೇ ನಿಲ್ಲುವದಿಲ್ಲ. ತಿಕೋಟೆಯ ಕಡೆಗೆ ದ್ರಾಕ್ಷಿಯ ತೋಟಗಳುಂಟು. ಹಣ್ಣು ತೂಗಿ ನಿಂತಾಗ ಮುಗಿಲು ಮುಸುಕಿದರೆ ಒಕ್ಕಲಿಗನು ಕೊಯ್ಯಬೇಕೋ, ಇನ್ನೆರಡು ದಿನ ತಡೆಯಬೇಕೋ? ಕೊಯ್ದರೆ ಸಿಹಿ ಕಡಿಮೆ. ತಡೆದು ಮಳೆ ಬಿದ್ದರೆ ಹಣ್ಣು ಒಡೆಯುವದು, ಸಾಲವು ಉಳಿಯುವದು. ಅವನು ತಡೆಯುವನು, ಮಳೆ ಬೀಳುವದು. ಮರುದಿನ ಹಾದಿಹೋಕನು ಬೇಲಿಯಾಚೆಯಿಂದ, ನಿನ್ನೆಯೇ ಕೊಯ್ಯಬೇಕಾಗಿತ್ತೆಂದು ಹೇಳಿ ಮುಂದೆ ಸಾಗುವನು. ಅವನ ಮಾತು ಸುಳ್ಳಲ್ಲ. ಸುಳ್ಳಲ್ಲವೆಂದೇ ಅದು ಹೆಚ್ಚು ಚುಚ್ಚುವದು. ಹಾದಿಹೋಕನಿಗೆ ಮಳೆ ಬಂದದ್ದು ಗೊತ್ತು. ಒಕ್ಕಲಿಗನು ನಿಶ್ಚಯಿಸಬೇಕಾದದ್ದು ಮಳೆಗಿಂತ ಮೊದಲು.

ಆದುದರಿಂದ ಆಟ ನೋಡುವವನು ಬೇಕಾದರೆ ಹೀಗೆ ಮಾಡಿ ನೋಡಲಿ. ಪಟ್ಟಿಯನ್ನು ಹೆಬ್ಬೆರಳಿನಿಂದ ಮುಚ್ಚಲಿ. ಮುಂದಿನ ನಡೆ ಯಾವುದಾಗಬೇಕೆಂದು ತಾನೇ ನಿಶ್ಚಯಿಸಲಿ. ಆಮೇಲೆ ಬೆರಳು ತೆಗೆಯಲಿ. ಅರ್ಧ ತಾಸು ಹೀಗೆ ನೋಡಿದ ಮೇಲೆ ಅವನು 55ನೆಯ ನಡೆಯ ಹತ್ತಿರ ಬಂದಾಗ, ಆನೆಗೆ ಆನೆಯನ್ನು ಒಡ್ಡಿ ಆಟವನ್ನು ಸರಳ ಮಾಡಿಕೊಳ್ಳುವದು ಅವನಿಗೂ ಒಳ್ಳೆಯ ಉಪಾಯವಾಗಿಯೇ ಕಂಡೀತು.